ಇಪ್ಪತ್ತಾರನೆಯ ರೊಟ್ಟಿ

ಜಮಖಂಡಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಅಕ್ಷತೆಗೆ ಇನ್ನು ಐದೇ ನಿಮಿಷ. ಮದುಮಗ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದ. ನಾನು ಹುಡುಗಿಯ ಸ್ವಂತ ಚಿಗವ್ವ. ಅಯ್ನೋರ ಮೈಕಿನ ಪಕ್ಕದಲ್ಲೇ ನಿಂತಿದ್ದೆ. ಒಂದು ಕೈಯಲ್ಲಿ ಅಕ್ಷತೆ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು.

"ಹೊತ್ತತದ, ಕೆಳಗ ಇಳಿಸು! ಮೊದಲ ಕೆಳಗ ಇಳಿಸಂತ ಹೇಳಾಕತ್ತೀನಿ!"

ಮೈಕು ಇದನ್ನು ಇಡೀ ಕಲ್ಯಾಣ ಮಂಟಪಕ್ಕೆ ಹಂಚಿತು. ಮದುಮಗ ಒಂದು ಕಾಲು ಎತ್ತಿಕೊಂಡೇ ನಿಂತ. ಬೀಗತಿ ನನ್ನತ್ತ ನೋಡಿದ ನೋಟ ಈಗಲೂ ಕನಸಿನಲ್ಲಿ ಬರುತ್ತದೆ. ಇಳಿಸಬೇಕಾದದ್ದು ಅವರ ಮಗನನ್ನಲ್ಲ, ವಿಜಯಪುರದಲ್ಲಿ ನಮ್ಮ ಒಲೆಯ ಮೇಲಿದ್ದ ಶೇಂಗಾ ಬಾಣಲೆಯನ್ನು ಅಂತ ನಾನು ಎಲ್ಲರಿಗೂ ವಿವರಿಸಿ ಮುಗಿಸುವಷ್ಟರಲ್ಲಿ ಊಟದ ಪಂಕ್ತಿಯಲ್ಲಿ ಮೂರು ಕಥೆ ಹುಟ್ಟಿದ್ದವು. ಒಂದರಲ್ಲಿ ಹುಡುಗನಿಗೆ ಮೊದಲೇ ಒಂದು ಮದುವೆ ಆಗಿತ್ತು.

ಸುಮಾರು ಅರವತ್ತು ಕಿಲೋಮೀಟರ್ ದೂರ ನಿಂತು ಫೋನಿನಲ್ಲಿ ಶೇಂಗಾ ಹುರಿಯುವ ಹೆಂಗಸು ನಾನು. ಹೊತ್ತುತ್ತಿದೆ ಅಂತ ಅಲ್ಲಿಂದ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಫೋನಿನಲ್ಲಿ ವಾಸನೆ ಬಂತು. ಬಂತು ಅಂದರೆ ಬಂತು.

ನಮ್ಮದು ರೊಟ್ಟಿ ವ್ಯಾಪಾರ. ಸೋಲಾಪುರ ರಸ್ತೆ ಕಡೆ ಒಂದು ಕಾಲೊನಿಯಲ್ಲಿ ಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು. ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ದಿನಕ್ಕೆ ಒಂದು ಸಾವಿರ ರೊಟ್ಟಿ. 25 ರೊಟ್ಟಿಗೆ ಒಂದು ಕಟ್ಟು, ಒಟ್ಟು 40 ಕಟ್ಟು. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತ ನಮ್ಮ ಕಡೆ ಮಾತಿದೆ. ಡೋಣಿ ಅಂದರೆ ಡೋಣಿ ಹೊಳೆಯ ದಂಡೆಯ ಹೊಲ. ಡೋಣಿ ಬೆಳೆಯಲಿ ಬಿಡಲಿ, ನಮ್ಮ ಓಣಿಯಲ್ಲಿ ಬೆಳಗಿನ ಆರಕ್ಕೆಲ್ಲ ರೊಟ್ಟಿ ಬಡಿಯುವ ಸಪ್ಪಳ ಶುರು. ಎದುರು ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದಾರೆ.

ಐದು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಅವರಲ್ಲಿ ಹಿರಿಯಳು ಬಬಲೇಶ್ವರದಕ್ಕ. ಹೆಸರು ಬೇರೆಯೇ ಇದೆ, ಆದರೆ ಆಧಾರ್ ಕಾರ್ಡ್ ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಮಧ್ಯಾಹ್ನದ ಮೇಲೆ ಕಟ್ಟು ಕಟ್ಟಲು, ಲೆಕ್ಕ ಬರೆಯಲು ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿ ಬರುತ್ತಾಳೆ. ಇಂಡಿ ಊರಿನವಳು. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಈ ಹುಡುಗಿಯ ನಾಲಗೆಗೂ ಒಂದು ಕೊಡಬಹುದಿತ್ತು.

ಇಷ್ಟು ಜನ ಇದ್ದೂ ಕೆಲಸ ಮಾಡುವವಳು ನಾನೊಬ್ಬಳೇ ಅಂತ ಬಹಳ ದಿನ ನಾನು ನಂಬಿದ್ದೆ. ಅವರು ನಾದಿದ ಹಿಟ್ಟನ್ನು ಇನ್ನೊಮ್ಮೆ ನಾದುವುದು, ಅವರು ಕಟ್ಟಿದ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟುವುದು, ಅವರು ಗುಡಿಸಿದ ಕಡೆ ಪೊರಕೆ ಹಿಡಿದು ನಿಲ್ಲುವುದು. ಕಿರು ಆಹಾರ ಉದ್ದಿಮೆಗೆ ಕೇಂದ್ರ ಸರ್ಕಾರದ ಯೋಜನೆಯೊಂದು 2020ರಲ್ಲಿ ಬಂತು. ಬ್ಯಾಂಕ್ ಸಾಲ ಮಾಡಿದರೆ ಶೇಕಡಾ 35ರಷ್ಟು ಸಹಾಯಧನ. ಅದರಲ್ಲಿ ಹಿಟ್ಟು ನಾದುವ ಯಂತ್ರ ತಂದೆ. ಯಂತ್ರ ನಾದಿ ಕೊಟ್ಟ ಹಿಟ್ಟನ್ನು ಪರಾತದಲ್ಲಿ ಹಾಕಿಕೊಂಡು ಮತ್ತೆ ನಾದಿದೆ. ಯಂತ್ರ ಏನೂ ಅನ್ನಲಿಲ್ಲ. ಬಬಲೇಶ್ವರದಕ್ಕ ಅಂದಳು.

"ಅಕ್ಕಾರ, ಪಾಪ ಅದಕ್ಕೂ ಕಲಿಸಾಕತ್ತೀರೇನು?"

ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಮಾರ್ದನಿ ಬರುತ್ತದೆ ಅಂತ ಗೈಡುಗಳು ಹೇಳುತ್ತಾರೆ. ನಮ್ಮ ಶೆಡ್ಡಿಗೆ ಗುಮ್ಮಟದ ಹಂಗಿಲ್ಲ. ಏಳು ಸಲವೂ ನಾನೇ ಹೇಳುತ್ತೇನೆ.

ಹೀಗಿರುವಾಗ ಮಹಿಳಾ ಉದ್ಯಮಿಗಳಿಗೆ ಅಂತ ಎರಡು ದಿನದ ತರಬೇತಿ ನಡೆಯಿತು. ನನ್ನ ಜೊತೆ ಬಬಲೇಶ್ವರದಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ಹೇಳಿಕೊಡಲು ಬಂದ ಮೇಡಂ ಪರದೆಯ ಮೇಲೆ ದೊಡ್ಡದಾಗಿ "ಡೆಲಿಗೇಶನ್" ಅಂತ ತೋರಿಸಿದರು. ಬಬಲೇಶ್ವರದಕ್ಕ ನನ್ನ ಕಿವಿಯಲ್ಲಿ ಕೇಳಿದಳು, "ಡೆಲ್ಲಿ ಸ್ಟೇಶನ್ನಾ? ಅಲ್ಲಿಗೂ ನಮ್ಮ ರೊಟ್ಟಿ ಹೊಂಟಾವೇನ್ರಿ?"

ಡೆಲ್ಲಿ ಅಲ್ಲ, ಕೆಲಸ ಬಿಟ್ಟುಕೊಡುವುದು ಅಂತ ಮೇಡಂ ಬಿಡಿಸಿ ಹೇಳಿದರು. ಹೆಂಗಸರು ವ್ಯಾಪಾರ ಚೆನ್ನಾಗಿಯೇ ಶುರು ಮಾಡುತ್ತಾರೆ, ಆದರೆ ಎಲ್ಲವನ್ನೂ ತಾವೇ ಮೈಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಡುತ್ತಾರೆ ಅಂದರು. ಮನೆಗೆ ಹೋಗಿ ದಿನವಿಡೀ ಮಾಡುವ ಕೆಲಸಗಳ ಪಟ್ಟಿ ಮಾಡಿ, ಬೇರೆಯವರು ಮಾಡಬಹುದಾದದ್ದನ್ನು ಹೊಡೆದುಹಾಕಿ ಅಂತ ಹೋಂವರ್ಕ್ ಕೊಟ್ಟರು.

ಬರೆದೆ. 63 ಕೆಲಸ ಆದವು. ಒಂದೊಂದನ್ನೇ ನೋಡುತ್ತ ಬಂದೆ. ಜೋಳ ಹಸನು ಮಾಡುವುದು? ಬೇಡ, ಹರಳು ಉಳಿಯುತ್ತದೆ. ಗಿರಣಿಗೆ ಹೋಗುವುದು? ಬೇಡ, ನಮ್ಮ ಜೋಳದ ಮುಂಚೆ ಯಾರದೋ ಗೋಧಿ ಹಾಕಿರುತ್ತಾನೆ, ನಿಂತು ನೋಡಬೇಕು. ಬಸ್ಸಿಗೆ ಪಾರ್ಸೆಲ್ ಹಾಕುವುದು? ಬೇಡ, ಕೆಳಗಿಟ್ಟು ಮೇಲೆ ಸೂಟ್‌ಕೇಸ್ ಹೇರುತ್ತಾರೆ. ರಾತ್ರಿ ಹನ್ನೊಂದಾಯಿತು. ಕೊನೆಗೆ ಒಂದನ್ನು ಹೊಡೆದುಹಾಕಿದೆ: "ಬೆಳಗ್ಗೆ ಬೆಕ್ಕಿಗೆ ಹಾಲು ಇಡುವುದು." ಅದನ್ನು ಮಗನಿಗೆ ವಹಿಸಿದೆ. ಮರುದಿನ ಬೆಕ್ಕು ಹಾಲು ಕುಡಿಯಿತೋ ಇಲ್ಲವೋ ಅಂತ ಶಾಲೆಗೆ ಫೋನ್ ಮಾಡಿ ಕೇಳಿದೆ.

ಎರಡನೆಯ ದಿನ ಮೇಡಂ ಹಪ್ಪಳದ ಕಥೆ ಹೇಳಿದರು. 1959ರ ಮಾರ್ಚ್ 15ರಂದು ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಪ್ಯಾಕೆಟ್ಟು. ಅದೇ ಮುಂದೆ ಲಿಜ್ಜತ್ ಆಯಿತು. ನನಗೆ ಹಿಡಿಸಿದ್ದು ಅವರ ಒಂದು ಪದ್ಧತಿ. ಹಿಟ್ಟು ಕಲಸುವುದು ಕೇಂದ್ರದಲ್ಲಿ, ಒಂದೇ ಅಳತೆಯಲ್ಲಿ. ಲಟ್ಟಿಸುವುದು ಅವರವರ ಮನೆಯಲ್ಲಿ. ರುಚಿ ಹಿಟ್ಟಿನಲ್ಲಿದೆ, ಹಾಗಾಗಿ ಹಿಟ್ಟನ್ನು ಕೈಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಸಾವಿರಾರು ಹೆಂಗಸರಿಗೆ ಬಿಟ್ಟುಕೊಟ್ಟರು. ಎಷ್ಟು ಸರಳ ಅಲ್ವಾ? ನಾನು ತಲೆದೂಗಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ದಾರಿಯಲ್ಲಿ ಬಬಲೇಶ್ವರದಕ್ಕ ಕೇಳಿದಳು, "ಅಕ್ಕಾರ, ಅವರು ಹಿಟ್ಟು ಒಂದ ಇಟ್ಕೊಂಡಾರ. ನೀವು ಹಿಟ್ಟೂ ಇಟ್ಕೊಂಡೀರಿ, ಲಟ್ಟಣಿಗೀನೂ ಇಟ್ಕೊಂಡೀರಿ, ಮಾಳಿಗೀನೂ ಇಟ್ಕೊಂಡೀರಿ. ಹಂಗಾರ ನಮಗೇನ ಕೊಡ್ತೀರಿ?"

ಅವಮಾನ ಆಯಿತು. ಅದೇ ವಾರ ಹಿಂಡಿ ಮಾಡುವ ಕೆಲಸವನ್ನು ಪೂರ್ತಿ ಅವರಿಗೆ ಬಿಡುತ್ತೇನೆ ಅಂತ ಘೋಷಿಸಿದೆ. ಇಂಡಿ ಹುಡುಗಿ ಪೆನ್ನು ಹಿಡಿದು ಕೂತಳು. ನಾನು ಹೇಳಬೇಕು, ಅವಳು ಬರೆದು ಗೋಡೆಗೆ ಅಂಟಿಸಬೇಕು.

"ಉಪ್ಪು?"

"ರುಚಿಗೆ ತಕ್ಕಷ್ಟು."

"ಯಾರ ರುಚಿಗ್ರೀ, ಅಕ್ಕಾರ?"

ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಸ್ವಲ್ಪ ತಡೆದು "ನಮ್ಮ ರುಚಿಗೆ" ಅಂದೆ.

"ನಿಮ್ಮ ರುಚಿಗೋ, ನನ್ನ ರುಚಿಗೋ? ನಾ ಉಪ್ಪು ಕಮ್ಮಿ ತಿಂತೀನ್ರಿ."

"ಒಂದು ಹಿಡಿ ಅಂತ ಬರಿ."

"ಖಾರ?"

"ಅದೂ ಒಂದು ಹಿಡಿ, ಬಣ್ಣ ನೋಡಿ ಹಾಕಬೇಕು."

"ಶೇಂಗಾ ಎಷ್ಟೊತ್ತು ಹುರೀಬೇಕ್ರಿ?"

"ವಾಸನೆ ಬರುವ ತನಕ."

"ಎಂಥಾ ವಾಸನೆ?"

ಎಂಥ ವಾಸನೆ ಅಂತ ಹೇಳುವುದು? ಬಸವನ ಬಾಗೇವಾಡಿಯ ನನ್ನ ತವರಿನಲ್ಲಿ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಅವ್ವ ಶೇಂಗಾ ಹುರಿಯುವಾಗ ಅಂಗಳದ ತನಕ ಬರುತ್ತಿದ್ದ ವಾಸನೆ. ಅದನ್ನು ಆ ಹುಡುಗಿ ಗೋಡೆಗೆ ಹೇಗೆ ಅಂಟಿಸಬೇಕು? ರೊಟ್ಟಿಯ ಎಸರಿನ ವಿಷಯಕ್ಕೆ ಬಂದಾಗಂತೂ ನಾನು ಇನ್ನೂ ಕೆಟ್ಟೆ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ಕುದಿಯುವ ನೀರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ತಣ್ಣೀರಿನಲ್ಲಿ ಕಲಸಿದರೆ ರೊಟ್ಟಿ ಅಂಚಿನಲ್ಲೆಲ್ಲ ಬಿರುಕು ಬಿಡುತ್ತದೆ. ಇಷ್ಟೆಲ್ಲ ನನಗೆ ಗೊತ್ತು. ಆದರೆ ನೀರು ಎಷ್ಟು ಕಾದಿರಬೇಕು ಅಂದರೆ ಬಾಯಿಂದ ಬಂದದ್ದು "ಸುಂಯ್ ಅನ್ನಬೇಕು, ಆದರೆ ಭುಸ್ ಅನ್ನಬಾರದು." ಹುಡುಗಿ ಅದನ್ನೂ ಬರೆದುಕೊಂಡಳು. ಆ ಕಾಗದ ಈಗಲೂ ಗೋಡೆಯ ಮೇಲಿದೆ. ಬಂದವರೆಲ್ಲ ಹಾವಿನ ಎಚ್ಚರಿಕೆ ಅಂದುಕೊಳ್ಳುತ್ತಾರೆ.

ಮರುದಿನ ಅವಳು ಗ್ರಾಂ ಲೆಕ್ಕದ ತಕ್ಕಡಿ ತಂದಳು. ನನ್ನ "ಒಂದು ಹಿಡಿ" ಖಾರವನ್ನು ಹತ್ತು ದಿನ ಸತತ ತೂಗಿದಳು. ಹತ್ತನೆಯ ದಿನ ನೋಟುಬುಕ್ ತಂದು ಎದುರಿಗಿಟ್ಟಳು. ಒಂದು ದಿನ 38 ಗ್ರಾಂ, ಇನ್ನೊಂದು ದಿನ 45, ಒಂದು ದಿನ 52.

"ಅಕ್ಕಾರ, ನಿಮ್ಮ ಹಿಡಿ ದಿನಾ ಬ್ಯಾರೆ ಅದ. 52 ಗ್ರಾಂ ಹಾಕಿದ ದಿನ ಏನಾಗಿತ್ತಂತ ನೆನಪು ಮಾಡ್ಕೋರಿ."

ತಾರೀಕು ನೋಡಿದೆ. ಆ ದಿನ ಬೆಳಗ್ಗೆ ಅತ್ತೆಯವರ ಜೊತೆ ನನಗೆ ಮಾತಿಗೆ ಮಾತು ಬೆಳೆದಿತ್ತು. 38 ಗ್ರಾಂ ದಿನ ತವರಿನಿಂದ ತಮ್ಮ ಬಂದಿದ್ದ. ನನ್ನ ಕೈರುಚಿ ಎಂದೂ ಬದಲಾಗುವುದಿಲ್ಲ ಅಂತ ಹೇಳಿಕೊಂಡೇ ಇಷ್ಟು ವರ್ಷ ಹಿಂಡಿ ಮಾರಿದವಳು ನಾನು. ನಮ್ಮ ಮನೆಯ ಜಗಳದ ಏರಿಳಿತವನ್ನು ಪುಣೆಯ ಗಿರಾಕಿಗಳು ನಾಲಗೆಯ ಮೇಲೆ ಅನುಭವಿಸುತ್ತಿದ್ದರು ಅಂತ ಆಗ ತಿಳಿಯಿತು. ಈಗ 45 ಗ್ರಾಂ ಅಂತ ನಿಗದಿ ಆಗಿದೆ. ಅತ್ತೆಯವರಿಗೆ ಇದನ್ನು ಹೇಳಿಲ್ಲ.

ಕೆಲಸದವರಿಗೆ ಬಿಡದಿದ್ದರೆ ಹೋಗಲಿ, ಮನೆಯವರಿಗೆ ಯಾಕೆ ಬಿಡಲಿಲ್ಲ ಅಂತ ನೀವು ಕೇಳಬಹುದು. ಬಿಟ್ಟು ನೋಡಿದ್ದೇನೆ. ಒಂದು ಸಂಜೆ ನನಗೆ ತಲೆನೋವು. ನಮ್ಮ ಯಜಮಾನರು ಸ್ಕೂಟರ್ ಮೇಲೆ ನಾಲ್ಕು ಪಾರ್ಸೆಲ್ ಇಟ್ಟುಕೊಂಡು ಹೋಗಿ ಬಸ್ಸಿಗೆ ಹಾಕಿ ಬಂದರು. ಒಂದೇ ಸಲ. ಮುಂದಿನ ವಾರ ಗಾಂಧಿ ಚೌಕದಲ್ಲಿ ಪರಿಚಯದವರೊಬ್ಬರು ಸಿಕ್ಕು, "ನಿಮ್ಮ ಯಜಮಾನ್ರ ರೊಟ್ಟಿ ವ್ಯಾಪಾರ ಜೋರ್ ನಡದೈತಂತ, ಛಲೋ ಆತು ಬಿಡ್ರಿ. ನೀವೂ ಅಷ್ಟಿಷ್ಟು ಕೈ ಕೂಡಸ್ತೀರೇನು?" ಅಂದರು.

ನಾಲ್ಕು ಪಾರ್ಸೆಲ್ಲಿಗೆ ಇಡೀ ವ್ಯಾಪಾರ ಹೋಯಿತು! ಅಂದಿನಿಂದ ಅವರ ಕೈಗೆ ದಾರದ ಉಂಡೆಯನ್ನೂ ಕೊಟ್ಟಿಲ್ಲ. ಅವರೂ ಬೇಡಿಲ್ಲ ಅನ್ನಿ. ಹಿಟ್ಟಿನ ಯಂತ್ರ ಮಾರಲು ಬಂದವನು ಸಹಿತ ಬಾಗಿಲಲ್ಲಿ ನಿಂತು, ಮೈಯೆಲ್ಲ ಹಿಟ್ಟಾಗಿದ್ದ ನನ್ನನ್ನೇ, "ಮಾಲಕರು ಅದಾರೇನ್ರಿ?" ಅಂತ ಕೇಳಿದ್ದ. ಹೀಗೆ ದಿನಾ ಕೇಳಿಸಿಕೊಂಡರೆ ಎಲ್ಲ ಕೆಲಸದ ಮೇಲೂ ನನ್ನ ಕೈಯ ಗುರುತು ಇರಲಿ ಅನ್ನುವ ಹಟ ತಾನೇ ಹುಟ್ಟುತ್ತದೆ. ಬಟ್ಟೆ ಅಂಗಡಿಯ ಯಜಮಾನರು ಹತ್ತು ಆಳಿಟ್ಟು ಗಲ್ಲಾದ ಮೇಲೆ ಕೂತರೆ ಸಾವಕಾರರು. ನಾನು ಹತ್ತು ನಿಮಿಷ ಕುರ್ಚಿ ಮೇಲೆ ಕೂತರೆ ಅತ್ತೆಯವರ ಗೆಳತಿ, "ಮಂದಿ ಕೈಲಿ ಮಾಡಿಸಿ ತಾ ಆರಾಮ ಕುಂತಾಳ ನೋಡು" ಅಂತ ನನಗೆ ಕೇಳುವ ಹಾಗೆಯೇ ಹೇಳುತ್ತಾರೆ. ಆ ಮಾತಿಗೆ ಹೆದರಿ ಒಮ್ಮೆ ಲೆಕ್ಕದ ಪುಸ್ತಕವನ್ನು ನಿಂತುಕೊಂಡೇ ಬರೆದದ್ದೂ ಉಂಟು. ಆ ಪುಸ್ತಕ ಅಲ್ಲಿಗೇ ನಿಂತಿತು, ನಮ್ಮೂರಿನ ಬಾರಾಕಮಾನಿನ ಹಾಗೆ, ಕಮಾನು ಎದ್ದಿವೆ, ಮೇಲೆ ಏನೂ ಇಲ್ಲ.

ಇನ್ನು ಮನೆಯೊಳಗಿನ ಕೆಲಸ. ಕೇಂದ್ರ ಸರ್ಕಾರ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಅಂತ ಸಮೀಕ್ಷೆ ಮಾಡುತ್ತದೆ. 2024ರ ಲೆಕ್ಕದಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. "ಮನೆಗೆಲಸ ಮಾಡುವ ಗಂಡಸರು" ಅನ್ನುವ ಮಾತನ್ನು ಎರಡು ಸಲ ಓದಿ, ಮಾಡದವರು ಈ ಲೆಕ್ಕದಲ್ಲೇ ಇಲ್ಲ. 2019ರಲ್ಲಿ ಇದು 299 ಮತ್ತು 97 ನಿಮಿಷ ಇತ್ತು. ಇಬ್ಬರದೂ ಕಡಿಮೆ ಆಗಿದೆ. ಹಾಗಾದರೆ ಉಳಿದ ಕೆಲಸ ಈಗ ಯಾರು ಮಾಡುತ್ತಿದ್ದಾರೋ! ಇದನ್ನು ಯಜಮಾನರಿಗೆ ಓದಿ ಹೇಳಿದೆ. ಕನ್ನಡಕ ಹುಡುಕುವುದು ಆ 88 ನಿಮಿಷದಲ್ಲಿ ಸೇರುತ್ತದೇನು ಅಂತ ಕೇಳಿದರು. ಅವರ ಕನ್ನಡಕವನ್ನು ಹುಡುಕುವವಳೂ ನಾನೇ.

ಗ್ಯಾಸ್ ಯಾವಾಗ ಮುಗಿಯುತ್ತದೆ, ಮಗನ ಫೀಸು ಯಾವ ತಾರೀಕು, ನಾದಿನಿಗೆ ಯಾವ ಬಣ್ಣದ ಸೀರೆ ಆಗಿಬರುವುದಿಲ್ಲ, ಇವೆಲ್ಲ ತಲೆಯಲ್ಲೇ ಇಟ್ಟುಕೊಂಡು ಇಪ್ಪತ್ತು ವರ್ಷ ಸಂಸಾರ ಮಾಡಿದವಳು ವ್ಯಾಪಾರವನ್ನೂ ಹಾಗೇ ತಲೆಯಲ್ಲೇ ಇಟ್ಟುಕೊಂಡೆ. ಬರೆದಿಡಬೇಕು ಅಂತಲೇ ಹೊಳೆಯಲಿಲ್ಲ. "ಕಾಯಕವೇ ಕೈಲಾಸ" ಅಂತ ಅತ್ತೆಯವರು ಆಗಾಗ ನೆನಪಿಸುತ್ತಾರೆ, ನೀನು ಬಸವಣ್ಣನ ಊರಿನವಳು ಅಂತಲೂ ಸೇರಿಸುತ್ತಾರೆ. ಆ ಕೈಲಾಸಕ್ಕೆ ನಾನೊಬ್ಬಳೇ ಹೋಗಬೇಕು, ಉಳಿದವರಿಗೆ ಸೀಟಿಲ್ಲ ಅಂತ ಎಲ್ಲೂ ಹೇಳಿಲ್ಲವಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. 52 ಗ್ರಾಂ ದಿನ ಮಾತ್ರ ಬಾಯಿಬಿಟ್ಟು ಅಂದಿದ್ದೆ.

ಮಗ ಒಂದು ಉಪಾಯ ಹೇಳಿದ. ಶೆಡ್ಡಿಗೆ ಸಿಸಿ ಕ್ಯಾಮೆರಾ. ಫೋನಿನಲ್ಲೇ ನೋಡಬಹುದು, ಫೋನಿನಲ್ಲೇ ಮಾತಾಡಿದರೆ ಅಲ್ಲಿ ಕೇಳಿಸುತ್ತದೆ. ನನಗೆ ಸ್ವರ್ಗ ಸಿಕ್ಕ ಹಾಗಾಯಿತು. ಮೊದಲ ದಿನ ಎಲ್‌ಬಿಎಸ್ ಮಾರ್ಕೆಟ್ಟಿನಲ್ಲಿ ಬೆಳ್ಳುಳ್ಳಿ ಆರಿಸುತ್ತ ಫೋನ್ ತೆರೆದೆ. ಬಬಲೇಶ್ವರದಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುವುದು ಬಿಟ್ಟು ಏನೋ ಕಥೆ ಹೇಳುತ್ತಿದ್ದಳು. "ರೊಟ್ಟಿ ತಿರುವಿ ಹಾಕು!" ಅಂದೆ.

ಅಲ್ಲಿ ಚಾವಣಿಯಿಂದ ಅಶರೀರವಾಣಿ ಆಯಿತು. "ಯಪ್ಪಾ ಸಿದ್ಧೇಶ್ವರಾ!" ಅಂತ ಬಬಲೇಶ್ವರದಕ್ಕ ರೊಟ್ಟಿಯನ್ನೂ ಕೈಯಲ್ಲಿದ್ದ ಅರಿವೆಯನ್ನೂ ಒಟ್ಟಿಗೆ ಹಾರಿಸಿದಳು. ಇತ್ತ ಬೆಳ್ಳುಳ್ಳಿ ಮಾರುವವನು ತನಗೇ ಹೇಳಿದೆ ಅಂದುಕೊಂಡು, "ಇಲ್ಲಿ ರೊಟ್ಟಿ ಇಲ್ರಿ ಬಾಯಾರ" ಅಂದ. ಮರುದಿನ ಫೋನ್ ತೆರೆದರೆ ಬರೀ ಬಿಳಿ. ಕ್ಯಾಮೆರಾದ ಮೇಲೆ ರೊಟ್ಟಿ ಅರಿವೆ ಒಣಗಲು ಹಾಕಿದ್ದರು. ಕೇಳಿದರೆ, "ಅರಿವಿ ಒಣಾಕ ಬ್ಯಾರೆ ಗೂಟ ಎಲ್ಲೈತ್ರಿ?" ಈಗಲೂ ಆ ಕ್ಯಾಮೆರಾ ಬಹಳ ಉಪಯೋಗಕ್ಕೆ ಬರುತ್ತಿದೆ. ಎರಡು ಅರಿವೆ ಹಿಡಿಯುತ್ತದೆ.

ಇನ್ನು ಬೆಳಗಾವಿಯ ಕಥೆ. ಅತ್ತೆಯವರ ಕಣ್ಣಿನ ಪೊರೆ ತೆಗೆಸಬೇಕಿತ್ತು. ನಾದಿನಿ ಅಲ್ಲಿದ್ದಾಳೆ, ಅವಳ ಮನೆಯಲ್ಲೇ ಮೂರು ದಿನ ಇದ್ದು ಮಾಡಿಸಿಕೊಂಡು ಬರುವುದು ಅಂತಾಯಿತು. ನಾನು ಹೊರಡುವ ಮುಂಚೆ ಇಂಡಿ ಹುಡುಗಿಗೆ ಎರಡು ತಾಸು ಸೂಚನೆ ಕೊಟ್ಟೆ. ಕಟ್ಟು ಕಟ್ಟುವ ಕೆಲಸವನ್ನು ಆ ತನಕ ಯಾರಿಗೂ ಪೂರ್ತಿ ಬಿಟ್ಟಿರಲಿಲ್ಲ. ಅವಳು ಎಣಿಸಿ ಇಡುತ್ತಿದ್ದಳು, ಕೊನೆಯ ಗಂಟು ನನ್ನದೇ. ಚಿಂತಿ ಮಾಡಬ್ಯಾಡ್ರಿ, ಎಣಿಸಾಕ ಬರ್ತದ್ರಿ, ಬಿ.ಕಾಂ. ಆಗೇತಿ ಅಂದಳು.

ಮೊದಲ ದಿನ ಹದಿನೇಳು ಸಲ ಫೋನ್ ಮಾಡಿದೆ. ಹದಿನೆಂಟನೆಯದು ಮಾಡುವಾಗ, ನಾದಿನಿ ಮನೆಯ ಬಚ್ಚಲಲ್ಲಿ, ಫೋನು ಜಾರಿ ತುಂಬಿದ ಬಕೀಟಿಗೆ ಬಿತ್ತು. ತೆಗೆದೆ, ಒರೆಸಿದೆ, ಊದಿದೆ. ಸತ್ತಿತ್ತು. ಅಕ್ಕಿ ಡಬ್ಬಿಯಲ್ಲಿ ಹೂತು ಇಟ್ಟೆವು. ನಾದಿನಿಯ ಫೋನಿನಿಂದ ಮಾಡೋಣ ಅಂದರೆ ನಂಬರು? ನಮ್ಮ ಆಹಾರ ಸುರಕ್ಷತಾ ನೋಂದಣಿಯ 14 ಅಂಕಿ ನನಗೆ ಬಾಯಿಪಾಠ, ಲೇಬಲ್ಲಿನ ಮೇಲೆ ದಿನಾ ನೋಡುತ್ತೇನಲ್ಲ. ಹುಡುಗಿಯ ನಂಬರಿನ ಒಂದು ಅಂಕಿಯೂ ನೆನಪಿಲ್ಲ. ಯಜಮಾನರ ನಂಬರು ನಾದಿನಿಯ ಹತ್ತಿರ ಇತ್ತು. ಹಚ್ಚಿ ಕೇಳಿದರೆ, "ಎಲ್ಲಾ ಬರೋಬ್ಬರಿ ನಡದೈತಿ" ಅಂದರು. ಅವರಿಗೆ ಎಲ್ಲವೂ ಯಾವಾಗಲೂ ಬರೋಬ್ಬರಿಯೇ ನಡೆದಿರುತ್ತದೆ. ಅದು ಸುದ್ದಿ ಅಲ್ಲ.

ಎರಡು ದಿನ ಕೈ ಖಾಲಿ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತೆಯವರು ನನ್ನನ್ನೇ ನೋಡಿ, "ಈಗ ನನಗ ಎಲ್ಲಾ ಸ್ವಚ್ಛ ಕಾಣಸ್ತದವಾ. ಫೋನ್ ಇಲ್ಲಂದ್ರ ನಿನ್ನ ಮಾರಿ ಛಲೋ ಕಾಣಸ್ತದ" ಅಂದರು. ಅವರು ನನ್ನ ಮುಖಕ್ಕೆ ಛಲೋ ಅಂದದ್ದು ಅದೇ ಮೊದಲು. ಆಪರೇಷನ್ ಯಶಸ್ವಿ ಅಂತ ಆಗಲೇ ಗೊತ್ತಾಯಿತು.

ಮೂರನೆಯ ದಿನ ಮಧ್ಯಾಹ್ನ ಫೋನು ಅಕ್ಕಿಯೊಳಗಿಂದ ಎದ್ದು ಬಂತು. ತೆರೆದರೆ 43 ಮಿಸ್ಡ್ ಕಾಲ್. ವಾಟ್ಸಾಪ್ ತುಂಬಿ ಹೋಗಿತ್ತು. ಎಲ್ಲ ಗಿರಾಕಿಗಳದು. ಬೆಂಗಳೂರು, ಪುಣೆ, ಇದೇ ಊರಿನ ಕಾಯಂ ಮಂದಿ. ಎಲ್ಲರದೂ ಒಂದೇ ಮಾತು: "ಅಕ್ಕಾ, ಈ ಸಲ ರೊಟ್ಟಿ ಒಂದು ಕಡಿಮೆ."

ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸಂತೋಷ ಆಯಿತು. ನೋಡಿದಿರಾ? ನಾನಿಲ್ಲದಿದ್ದರೆ 25 ರೊಟ್ಟಿ ಎಣಿಸಲೂ ಬರುವುದಿಲ್ಲ ಇವರಿಗೆ! ಬೆಳಗಾವಿಯಿಂದ ವಿಜಯಪುರದ ತನಕ ಬಸ್ಸಿನಲ್ಲಿ ಏನು ಬೈಯಬೇಕು ಅಂತ ಪಾಠ ಮಾಡಿಕೊಂಡು ಬಂದೆ. ಕಾಲು ತೊಳೆಯದೇ ಶೆಡ್ಡಿಗೆ ನುಗ್ಗಿದೆ. ಕಟ್ಟಿಟ್ಟಿದ್ದ ಒಂದು ಕಟ್ಟು ಬಿಚ್ಚಿ ಎಲ್ಲರೆದುರು ಗಟ್ಟಿಯಾಗಿ ಎಣಿಸಿದೆ.

25.

ಇನ್ನೊಂದು ಬಿಚ್ಚಿದೆ. 25. ಮೂರನೆಯದು, 25. ಹುಡುಗಿ ಕೈಕಟ್ಟಿ ನಿಂತಿದ್ದಳು. ಬೆಂಗಳೂರಿನ ಗಿರಾಕಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. "ಅಲ್ರಿ, 25 ಬಂದಾವೋ ಇಲ್ಲೋ?"

"25 ಬಂದಾವ್ರಿ ಅಕ್ಕಾ. ಯಾವಾಗಲೂ 26 ಇರ್ತಿದ್ವಲ್ರಿ?"

ಫೋನು ಸ್ಪೀಕರಿನಲ್ಲಿತ್ತು. ಶೆಡ್ಡು ಗಪ್ಪಾಯಿತು. ಬಬಲೇಶ್ವರದಕ್ಕನ ಕೈಯಲ್ಲಿ ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೆ ನಿಂತಿತು.

ಹೌದು. ಕೊನೆಯ ಗಂಟು ಹಾಕುವ ಮುಂಚೆ ಒಂದು ರೊಟ್ಟಿ ಮೇಲಿಡುವುದು ನನ್ನ ರೂಢಿ. ಅದನ್ನು ನಾನು ಎಣಿಸುವುದಿಲ್ಲ, ಯಾರಿಗೂ ಹೇಳಿಲ್ಲ, ಮಾಡುತ್ತೇನೆ ಅಂತ ನನಗೇ ನೆನಪಿರಲಿಲ್ಲ. ಆ 63 ಕೆಲಸದ ಪಟ್ಟಿಯಲ್ಲೂ ಅದು ಬಂದಿರಲಿಲ್ಲ. ಬಾಗೇವಾಡಿ ಸಂತೆಯಲ್ಲಿ ಅವ್ವ ಸೊಪ್ಪು ಕೊಂಡರೆ ಕೊಸರು ಇಸಿದುಕೊಳ್ಳದೆ ಏಳುತ್ತಿರಲಿಲ್ಲ. ತಾನು ಕೊಡುವಾಗಲೂ ಅಷ್ಟೇ. ಹಾಲಾಗಲಿ ಕಾಳಾಗಲಿ, ಅಳತೆಯ ಮೇಲೆ ಒಂದಿಷ್ಟು ಕೊಸರು ಬಿದ್ದರೇ ಅವಳ ಮನಸ್ಸಿಗೆ ಸಮಾಧಾನ. ಕಡಕ್ ರೊಟ್ಟಿ ದಾರಿಯಲ್ಲಿ ಮುರಿಯುತ್ತದೆ, ಒಂದು ಇರಲಿ ಅಂತ ನನ್ನ ಕೈ ತಾನೇ ಕಲಿತುಬಿಟ್ಟಿತ್ತು.

ಹುಡುಗಿ ಮಾತಾಡಲಿಲ್ಲ. ಕ್ಯಾಲ್ಕುಲೇಟರ್ ತೆಗೆದಳು. ಅದು ಮಾತಾಡುವುದಕ್ಕಿಂತ ಕೆಟ್ಟದ್ದು.

"ದಿನಕ್ಕ 40 ಕಟ್ಟು, 40 ರೊಟ್ಟಿ. ತಿಂಗಳಿಗೆ 26 ದಿನ ಕೆಲಸ. 1,040 ರೊಟ್ಟಿ. ಒಂದಕ್ಕ 8 ರೂಪಾಯಿ. 8,320." ಸ್ವಲ್ಪ ತಡೆದು ಸೇರಿಸಿದಳು, "ಅಕ್ಕಾರ, ನನ್ನ ಪಗಾರ 8,000."

ಬಬಲೇಶ್ವರದಕ್ಕ ಸೆರಗು ಬಾಯಿಗೆ ಹಿಡಿದು ಗೋಡೆ ಕಡೆ ತಿರುಗಿದಳು. ಬೆನ್ನು ಅಲ್ಲಾಡುತ್ತಿತ್ತು.

ಹುಡುಗಿಗೆ ಒಂದು ದಾರಿ ಹೊಳೆಯಿತು. ಹೇಗೂ 26 ಕೊಡುತ್ತೀವಿ, ಲೇಬಲ್ಲಿನ ಮೇಲೂ 26 ಅಂತ ಹಾಕಿಸಿ, ಬೆಲೆ 8 ರೂಪಾಯಿ ಏರಿಸಿಬಿಡೋಣ ಅಂದಳು. ನಾನು ಚೀರಿದೆ, "ಬ್ಯಾಡವಾ! 26 ಅಂತ ಬರದರ 27 ಹಾಕಬೇಕಾಗ್ತದ!"

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಬಿ.ಕಾಂ.ನಲ್ಲಿ ಈ ಪಾಠ ಇರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಸುಮ್ನೆ ಹೋಗಿ ಗೋಡೆಯ ಮೇಲೆ, ಸುಂಯ್ ಭುಸ್ ಪಕ್ಕದಲ್ಲಿ, ಹೊಸ ಕಾಗದ ಅಂಟಿಸಿದಳು: "25 ಎಣಿಸಬೇಕು. ಆಮೇಲೆ ಒಂದು ಹಾಕಬೇಕು. ಅದನ್ನು ಎಣಿಸಬಾರದು."

ನನ್ನ ವ್ಯಾಪಾರದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದ ನಿಯಮ ಬೇರೆ ಇಲ್ಲ. ಅಂದಿನಿಂದ ಕಟ್ಟು ಕಟ್ಟುವ ಕೆಲಸ ಪೂರ್ತಿ ಅವಳದು. ಗಂಟೂ ಅವಳದೇ. ನಾನು ಅತ್ತ ಹೋಗುವುದಿಲ್ಲ. ಪಾರ್ಸೆಲ್ ಡಬ್ಬಿಗೆ ಹಾಕುವ ಮುಂಚೆ ಒಂದು ಸಲ ಹೀಗೆ ಮುಟ್ಟಿ ನೋಡುತ್ತೇನೆ, ಅಷ್ಟೇ.

ಹೋದ ವಾರ ಹಿಟ್ಟು ಜಾಸ್ತಿ ಖರ್ಚಾಗುತ್ತಿದೆ ಅಂತ ಅನುಮಾನ ಬಂತು. ರಾತ್ರಿ ಎಲ್ಲರೂ ಹೋದ ಮೇಲೆ ಒಂದು ಕಟ್ಟು ಬಿಚ್ಚಿ ಎಣಿಸಿದೆ. 28 ಇದ್ದವು. ಇನ್ನೊಂದು ಬಿಚ್ಚಿದೆ, ಅದರಲ್ಲೂ 28. ಹುಡುಗಿ ನಿಯಮದ ಪ್ರಕಾರ ಒಂದು ಹಾಕಿದ್ದಾಳೆ. ಮುಟ್ಟಿ ನೋಡುವ ನೆಪದಲ್ಲಿ ನನ್ನ ಕೈ ತನ್ನದೊಂದು ಹಾಕಿದೆ. ಮೂರನೆಯದು ಯಾರದು ಅಂತ ಮರುದಿನ ಬೆಳಗ್ಗೆ ಕೇಳಿದೆ. ಬಬಲೇಶ್ವರದಕ್ಕ ಹಂಚಿನಿಂದ ಕಣ್ಣು ತೆಗೆಯಲಿಲ್ಲ.

"ನೀವಿಬ್ಬರೂ ಮರತಿರತೀರಿ ಅಂತ, ನಾನೂ ಒಂದು ಇಡಾಕತ್ತೇನ್ರಿ."

ಈ ಸಲ ಯಾವ ಗಿರಾಕಿಯೂ ಫೋನ್ ಮಾಡಿಲ್ಲ.